ನಳ ಎಂಟು ದಿನಕ್ಕೊಮ್ಮೆ, ಸೊಳ್ಳೆಯೂ ಎಂಟು ದಿನಕ್ಕೊಮ್ಮೆ: ಕಲಬುರಗಿ ಸೀಮೆಯ ಮನೆಗಳಿಗೆ ಡೆಂಗ್ಯೂ ಲೆಕ್ಕ

ಬಿಸಿಲಿಗೆ ಸೊಳ್ಳೆ ಸಾಯುತ್ತದೆ, ಡೆಂಗ್ಯೂ ಏನಿದ್ದರೂ ಮಳೆಗಾಲದ ಜ್ವರ ಎಂಬ ಮಾತು ಕಲಬುರಗಿ ಸೀಮೆಯಲ್ಲಿ ಅರ್ಧ ಮಾತ್ರ ನಿಜ. ಮೇ ತಿಂಗಳ ಮಧ್ಯಾಹ್ನ ಹೊರಗೆ 42–43 ಡಿಗ್ರಿ ಇದ್ದಾಗ ಬಯಲಿಗೆ ಬಂದ ಸೊಳ್ಳೆ ಬದುಕುವುದು ಕಷ್ಟ, ಅದು ಸರಿ. ಆದರೆ ಅದೇ ಹೊತ್ತಿಗೆ ಕೂಲರ್ ಹಚ್ಚಿದ ಕೋಣೆಯಲ್ಲಿ ಸೆಕೆ ಇಳಿದಿರುತ್ತದೆ, ಗಾಳಿಯಲ್ಲಿ ತೇವ ತುಂಬಿರುತ್ತದೆ, ಕೂಲರಿನ ತಳದಲ್ಲಿ ನಲವತ್ತೈವತ್ತು ಲೀಟರ್ ನೀರು ನಿಂತಿರುತ್ತದೆ. ಸೊಳ್ಳೆಗೆ ಬೇಕಾದ ಮಳೆಗಾಲವನ್ನು ನಾವೇ ಮನೆಯೊಳಗೆ ಮಾಡಿಕೊಟ್ಟಂತಾಯಿತು.

ಇನ್ನೊಂದು ಕಡೆ ನಳ. ಕಲಬುರಗಿ, ಬೀದರ್, ಯಾದಗಿರಿಯ ಎಷ್ಟೋ ಓಣಿಗಳಲ್ಲಿ ನಳದ ನೀರು ದಿನಾ ಬರುವುದಿಲ್ಲ. ನಾಲ್ಕೈದು ದಿನಕ್ಕೊಮ್ಮೆ, ಬಿರುಬೇಸಿಗೆಯಲ್ಲಿ ಎಂಟು ಹತ್ತು ದಿನಕ್ಕೊಮ್ಮೆ ಬರುವ ನೀರನ್ನು ಕೊಡ, ಬ್ಯಾರಲ್, ಹೌದ (ನೀರಿನ ತೊಟ್ಟಿ), ಸಿಂಟೆಕ್ಸ್ ಎಲ್ಲದರಲ್ಲೂ ಹಿಡಿದಿಡಲೇಬೇಕು. ಆದ್ದರಿಂದ ಈ ಭಾಗದಲ್ಲಿ ಎಷ್ಟು ಮಳೆ ಬಿತ್ತು ಎನ್ನುವುದಕ್ಕಿಂತ ನೀರು ಎಷ್ಟು ದಿನ ಒಂದೇ ಕಡೆ ನಿಂತಿತು ಎಂಬ ಲೆಕ್ಕವೇ ದೊಡ್ಡದು. ಮಳೆ ಕೈಕೊಟ್ಟ ವರ್ಷವೂ ಡೆಂಗ್ಯೂ ಬರುತ್ತದಲ್ಲ, ಅದಕ್ಕೆ ಕಾರಣ ಇದೇ.

ಸೊಳ್ಳೆಯ ದಿನಗಣನೆ

ಡೆಂಗ್ಯೂ ಹರಡುವುದು ಮುಖ್ಯವಾಗಿ ಈಡಿಸ್ ಈಜಿಪ್ಟೈ ಎಂಬ ಸೊಳ್ಳೆಯ ಹೆಣ್ಣು. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ. ಕಚ್ಚುವುದು ಹಗಲು ಹೊತ್ತು, ಅದರಲ್ಲೂ ಬೆಳಿಗ್ಗೆ ಸೂರ್ಯ ಹುಟ್ಟಿದ ಮೇಲಿನ ಒಂದೆರಡು ತಾಸು ಮತ್ತು ಹೊತ್ತು ಮುಳುಗುವ ಮುಂಚೆ. ಉಳಿದ ಹೊತ್ತು ಮಂಚದ ಕೆಳಗೆ, ಪರದೆಯ ಹಿಂದೆ, ಗೂಟಕ್ಕೆ ತೂಗುಹಾಕಿದ ಅಂಗಿ–ಸೀರೆಗಳ ಸಂದಿಯಲ್ಲಿ ಕೂತಿರುತ್ತದೆ. ದೂರ ಹಾರುವ ಜಾತಿಯಲ್ಲ, ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್, ಹೆಚ್ಚೆಂದರೆ 400 ಮೀಟರ್. ನಿಮ್ಮನ್ನು ಕಚ್ಚಿದ್ದು ನಿಮ್ಮ ಬ್ಯಾರಲ್‌ನಲ್ಲೋ ಪಕ್ಕದ ಮನೆಯ ಮಾಳಿಗೆ ಮೇಲೋ ಹುಟ್ಟಿದ್ದು.

ಇದರ ಮೊಟ್ಟೆಯ ಗುಣ ಗೊತ್ತಿಲ್ಲದೆ ಮಾಡಿದ ಸ್ವಚ್ಛತೆ ಬಹುಪಾಲು ದಂಡ. ಮೊಟ್ಟೆಯನ್ನು ಅದು ನೀರಿನಲ್ಲಿ ಬಿಡುವುದಿಲ್ಲ. ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಒಂದೊಂದಾಗಿ ಅಂಟಿಸುತ್ತದೆ. ಒಂದು ಮಿಲಿಮೀಟರಿಗಿಂತ ಸಣ್ಣ ಕಪ್ಪು ಚುಕ್ಕಿಗಳು, ಬ್ಯಾಟರಿ ಬಿಟ್ಟು ನೋಡಿದರೂ ಧೂಳಿನಂತೆ ಕಾಣುತ್ತವೆ. ಪಾತ್ರೆ ಒಣಗಿದರೂ ಇವು ಆರು ತಿಂಗಳು, ಅದಕ್ಕೂ ಹೆಚ್ಚು ಕಾಲ ಜೀವ ಹಿಡಿದುಕೊಂಡಿರುತ್ತವೆ. ಮತ್ತೆ ನೀರು ತಾಗಿದರೆ ಕೆಲವು ಗಂಟೆಗಳಲ್ಲೇ ಒಡೆಯಬಲ್ಲವು. ಬೆಚ್ಚಗಿನ ದಿನಗಳಲ್ಲಿ ಐದಾರು ದಿನ ಲಾರ್ವಾ, ಅಂದರೆ ನೀರಿನಲ್ಲಿ ಓಡಾಡುವ ಹುಳ, ಎರಡು ದಿನ ಪ್ಯೂಪಾ, ಅಂದರೆ ರೆಕ್ಕೆ ಬರುವ ಮುಂಚಿನ ಕೋಶದ ಹಂತ. ಎಂಟರಿಂದ ಹತ್ತು ದಿನದೊಳಗೆ ರೆಕ್ಕೆ ಬಂದ ಸೊಳ್ಳೆ ಹಾರಿಹೋಗಿರುತ್ತದೆ.

ಒಂದು ಹಳೆಯ ಟೈರನ್ನೇ ತೆಗೆದುಕೊಳ್ಳಿ. ಹೋದ ವರ್ಷದ ಮೊಟ್ಟೆ ಅದರ ಒಳಗೋಡೆಗೆ ಅಂಟಿದೆ. ಆಗಸ್ಟ್ 1ರ ಮಳೆಗೆ ಟೈರಿನಲ್ಲಿ ನೀರು ನಿಂತಿತು. 10ನೇ ತಾರೀಖಿನ ಹೊತ್ತಿಗೆ ಸೊಳ್ಳೆ ಹೊರಬಿತ್ತು. 12ಕ್ಕೆ ಡೆಂಗ್ಯೂ ಇದ್ದವರನ್ನು ಕಚ್ಚಿತು. ವೈರಸ್ ಸೊಳ್ಳೆಯ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿಗೆ ಬರಲು ಎಂಟರಿಂದ ಹನ್ನೆರಡು ದಿನ ಬೇಕು, ಅಂದರೆ 22ರ ಸುಮಾರಿಗೆ ಅದು ರೋಗ ದಾಟಿಸಲು ತಯಾರು. ಅಂದು ಕಚ್ಚಿಸಿಕೊಂಡವರಿಗೆ ನಾಲ್ಕರಿಂದ ಹತ್ತು ದಿನದಲ್ಲಿ, ಅಂದರೆ ತಿಂಗಳ ಕೊನೆಗೆ ಜ್ವರ. ಮಳೆ ಬಿದ್ದ ದಿನಕ್ಕೂ ಜ್ವರದ ದಿನಕ್ಕೂ ನಡುವೆ ಹತ್ತಿರ ಹತ್ತಿರ ಒಂದು ತಿಂಗಳು. ಓಣಿಯಲ್ಲಿ ಜ್ವರ ಶುರುವಾದ ಮೇಲೆ ಫಾಗಿಂಗ್ ಗಾಡಿ ಕರೆಸುವವರು ಈ ತಿಂಗಳನ್ನು ಕಳೆದುಕೊಂಡಿರುತ್ತಾರೆ.

ಬಿಸಿಲು, ಮಳೆ, ಚಳಿ ಓದುವುದು ಹೇಗೆ

ಸೊಳ್ಳೆ ಬೆಳೆಯುವ ವೇಗ, ಸೊಳ್ಳೆಯೊಳಗೆ ವೈರಸ್ ಬೆಳೆಯುವ ವೇಗ, ಇವೆರಡೂ ಉಷ್ಣಾಂಶದ ಮೇಲೆ ನಿಂತಿವೆ. 27ರಿಂದ 32 ಡಿಗ್ರಿ ಎರಡಕ್ಕೂ ಹದ. 20 ಡಿಗ್ರಿ ಹತ್ತಿರ ಬಂದರೆ ವೈರಸ್ ತಯಾರಾಗಲು ಎರಡು ಮೂರು ವಾರಕ್ಕೂ ಹೆಚ್ಚು ಬೇಕಾಗುತ್ತದೆ, ಸೊಳ್ಳೆಯ ಆಯುಷ್ಯವೇ ಎರಡರಿಂದ ನಾಲ್ಕು ವಾರ, ಹಾಗಾಗಿ ಬಹುಪಾಲು ಸೊಳ್ಳೆಗಳು ರೋಗ ದಾಟಿಸುವ ಮೊದಲೇ ಸಾಯುತ್ತವೆ. ಡಿಸೆಂಬರ್–ಜನವರಿಯಲ್ಲಿ ಜ್ವರ ಇಳಿಯುವುದು ಇದಕ್ಕೇ. ಎತ್ತರದಲ್ಲಿರುವ ಬೀದರಿನಲ್ಲಿ ಚಳಿ ಜೋರು, ಇಳಿತವೂ ಸ್ಪಷ್ಟ. ಗಾಳಿಯ ತೇವಕ್ಕೂ ಇದರಲ್ಲಿ ಪಾಲಿದೆ. ಒಣಗಾಳಿಯಲ್ಲಿ ಸೊಳ್ಳೆ ಬೇಗ ಸಾಯುತ್ತದೆ, ತೇವ 60–80 ಶೇಕಡಾ ಇದ್ದಾಗ ಹೆಚ್ಚು ದಿನ ಬದುಕುತ್ತದೆ. ಹೆಚ್ಚು ದಿನ ಬದುಕಿದ ಮುದಿ ಸೊಳ್ಳೆಯೇ ಅಪಾಯದ್ದು.

ಮಳೆಯಲ್ಲೂ ಎಲ್ಲ ಮಳೆ ಒಂದೇ ಅಲ್ಲ. ರಭಸದಿಂದ ಸುರಿದ ಮಳೆ ಡಬ್ಬಿ–ಟೈರಿನೊಳಗಿನ ಲಾರ್ವಾಗಳನ್ನು ತೊಳೆದುಕೊಂಡು ಹೋಗುತ್ತದೆ, ಒಂದು ವಾರ ಸೊಳ್ಳೆ ಕಡಿಮೆಯಾದಂತೆ ಕಾಣುತ್ತದೆ. ಕೆಟ್ಟದ್ದು ಬಿಟ್ಟು ಬಿಟ್ಟು ಬರುವ ಮಳೆ. ಮಿರಗದ ಮಳೆ ಬಂತು, ಹತ್ತು ದಿನ ಬಿಸಿಲು ಬಿತ್ತು, ಆರಿದ್ರದಲ್ಲಿ ಮತ್ತೆ ಹನಿಯಿತು. ಪ್ರತಿ ಸಲ ನೀರಿನ ಮಟ್ಟ ಒಂದು ಬೆರಳು ಏರಿದಾಗ ಗೋಡೆಯ ಮೇಲೆ ಕಾದಿದ್ದ ಇನ್ನೊಂದು ಸಾಲು ಮೊಟ್ಟೆ ಒಡೆಯುತ್ತದೆ. ನಮ್ಮಲ್ಲಿ ಹುಬ್ಬಿ, ಉತ್ತರಿ, ಹಸ್ತದ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ, ನಿಂತ ನೀರು, 30ರ ಸುಮಾರಿನ ಸೆಕೆ, ತೇವದ ಗಾಳಿ ಮೂರೂ ಒಟ್ಟಾಗುತ್ತವೆ. ಅದಕ್ಕೆ ನಾಲ್ಕನೆಯದು ಸೇರುತ್ತದೆ: ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋದವರು ಗಣೇಶ ಚೌತಿಗೂ ದಸರೆಗೂ ಊರಿಗೆ ಬರುತ್ತಾರೆ. ಒಬ್ಬರ ರಕ್ತದಲ್ಲಿ ವೈರಸ್ ಇದ್ದರೂ ಸಾಕು, ಹಳ್ಳಿಯ ಸೊಳ್ಳೆಗೆ ಅದು ಸಿಗುತ್ತದೆ.

ಬ್ಯಾರಲ್ ಮತ್ತು ಹೌದ

ವಾರಕ್ಕೊಮ್ಮೆ ಎಲ್ಲ ನೀರು ಚೆಲ್ಲಿರಿ ಎಂದು ಹೇಳುವುದು ಸುಲಭ. ಹತ್ತು ದಿನಕ್ಕೊಮ್ಮೆ ನಳ ಬರುವ ಮನೆಯಲ್ಲಿ ಅದು ನಡೆಯದ ಮಾತು, ನಡೆಯದ ಮಾತನ್ನು ಹೇಳಿ ಪ್ರಯೋಜನವೂ ಇಲ್ಲ. ಕೆಲಸಕ್ಕೆ ಬರುವ ದಾರಿ ಬೇರೆ ಇದೆ.

ಮೊದಲನೆಯದು ಸರದಿ. ಎರಡು ಬ್ಯಾರಲ್ ಇದ್ದರೆ ಸುಣ್ಣದಿಂದ 1, 2 ಎಂದು ಬರೆಯಿರಿ. ಒಂದನ್ನು ಪೂರ್ತಿ ಬಳಸಿ ಮುಗಿಸಿದ ಮೇಲೆಯೇ ಎರಡನೆಯದಕ್ಕೆ ಕೈ ಹಾಕಿ. ಎರಡರಿಂದಲೂ ಅಷ್ಟಷ್ಟು ತೆಗೆಯುತ್ತ ಹೋದರೆ ಎರಡರ ತಳದಲ್ಲೂ ಹಳೆ ನೀರು ಉಳಿಯುತ್ತದೆ, ಲಾರ್ವಾ ಬೆಳೆಯುವುದು ಆ ತಳದ ಮೊಳದಲ್ಲೇ. ಬರಿದಾದ ಬ್ಯಾರಲನ್ನು ನಳ ಬರುವ ಮುಂಚೆ ಉಜ್ಜಿ ತೊಳೆಯಬೇಕು. ಹಳೆ ನೀರಿನ ಮೇಲೇ ಹೊಸ ನೀರು ತುಂಬಿದರೆ ಮಟ್ಟ ಏರಿ ಮೊಟ್ಟೆಗಳೆಲ್ಲ ಒಮ್ಮೆಲೇ ನೆನೆಯುತ್ತವೆ.

ಉಜ್ಜುವ ರೀತಿ ಹೀಗೆ: ತೆಂಗಿನ ನಾರು ಅಥವಾ ಗಟ್ಟಿ ಬ್ರಶ್, ಸೋಪಿನ ಪುಡಿ. ನೀರು ನಿಲ್ಲುತ್ತಿದ್ದ ಗೆರೆ ಬಣ್ಣದಲ್ಲೇ ಗೊತ್ತಾಗುತ್ತದೆ, ಆ ಗೆರೆಯ ಮೇಲೆ ಒಂದು ಗೇಣು, ಕೆಳಗೆ ಒಂದು ಗೇಣು ಸುತ್ತಲೂ ಬಲವಾಗಿ ಉಜ್ಜಿ. ಸಿಮೆಂಟಿನ ಹೌದವಾದರೆ ಗೋಡೆ ಒರಟು, ಮೊಟ್ಟೆ ಸಂದಿಯಲ್ಲಿ ಕೂತಿರುತ್ತವೆ, ಎರಡು ಸಲ ಉಜ್ಜಬೇಕು. ಬರೀ ನೀರು ಚೆಲ್ಲಿ ಬಿಸಿಲಿಗೆ ಒಣಗಿಸಿದರೆ ಲಾರ್ವಾ ಸಾಯುತ್ತವೆ, ಮೊಟ್ಟೆ ಸಾಯುವುದಿಲ್ಲ. ತೊಳೆದ ನೀರನ್ನು ಒಣ ಮಣ್ಣಿಗೆ ಚೆಲ್ಲಿ, ಮತ್ತೊಂದು ಪಾತ್ರೆಗೋ ಗಟಾರಕ್ಕೋ ಅಲ್ಲ.

ಎರಡನೆಯದು ಮುಚ್ಚಳ. 200 ಲೀಟರ್ ಬ್ಯಾರಲಿನ ಬಾಯಿ ಸುಮಾರು 58 ಸೆಂಟಿಮೀಟರ್ ಅಗಲ. ಅದಕ್ಕೆ 90 ಸೆಂಟಿಮೀಟರ್ ಚೌಕದ ದಪ್ಪ ಹತ್ತಿ ಬಟ್ಟೆ ಅಥವಾ ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ ಸಾಕು. ಕಟ್ಟಲು ದಾರಕ್ಕಿಂತ ಹಳೆ ಸೈಕಲ್ ಟ್ಯೂಬಿನ ಪಟ್ಟಿ ಒಳ್ಳೆಯದು, ಬಿಗಿ ಹಿಡಿಯುತ್ತದೆ, ದಿನಾ ಬಿಚ್ಚಿ ಹಾಕಲೂ ಸುಲಭ. ಬಟ್ಟೆ ಜೋತುಬಿದ್ದು ನೀರಿಗೆ ತಾಗಕೂಡದು. ತಾಗಿದರೆ ಆ ಒದ್ದೆ ಬಟ್ಟೆಯ ಮೇಲೇ ಸೊಳ್ಳೆ ಮೊಟ್ಟೆ ಇಡುತ್ತದೆ, ಮುಚ್ಚಿಯೂ ಕೆಟ್ಟಂತಾಗುತ್ತದೆ. ಮೇಲಿಟ್ಟ ತಗಡು, ಫರ್ಸಿ ಕಲ್ಲು ಮುಚ್ಚಳವಾಗುವುದಿಲ್ಲ, ಬದಿಯಲ್ಲಿ ಒಂದು ಬೆರಳು ಸಂದಿ ಇದ್ದರೂ ಸೊಳ್ಳೆ ಒಳಗೆ ಹೋಗುತ್ತದೆ. ಒಳಗೆ ಕತ್ತಲು, ತಂಪು, ಗಾಳಿಯಿಲ್ಲ, ಅದಕ್ಕೆ ಬೇಕಾದ್ದೂ ಅದೇ.

ಮಾಳಿಗೆ ಮೇಲಿನ ಸಿಂಟೆಕ್ಸಿನಲ್ಲಿ ಮೂರು ಕಡೆ ನೋಡಬೇಕು. ಬಿಸಿಲಿಗೆ ಸೀಳಿದ ಅಥವಾ ಗಾಳಿಗೆ ಹಾರಿಹೋದ ಮುಚ್ಚಳ, ತೆರೆದ ಓವರ್‌ಫ್ಲೋ ಪೈಪ್, ಪೈಪ್ ತೆಗೆದು ಹಾಗೇ ಬಿಟ್ಟ ತೂತು. ಓವರ್‌ಫ್ಲೋ ಬಾಯಿಗೆ ಜಾಲರಿ ಸುತ್ತಿ ತಂತಿ ಬಿಗಿಯಿರಿ. ನೆಲದೊಳಗಿನ ಸಂಪಿಗೂ ಇದೇ ಮಾತು.

ಚೆಲ್ಲಲೂ ಆಗದ, ಮುಚ್ಚಲೂ ಆಗದ ದೊಡ್ಡ ಹೌದ, ದನದ ದೋಣಿಗೆ ಗಪ್ಪಿ ಮೀನು ಬಿಡಬಹುದು. ನೀರಿನ ಮೇಲ್ಮೈ ಒಂದು ಚದರ ಮೀಟರಿಗೆ ಐದರಿಂದ ಹತ್ತು ಮೀನು ಸಾಕು, ಅವೇ ಮರಿ ಹಾಕಿಕೊಳ್ಳುತ್ತವೆ. ತಾಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೇಳಿ ನೋಡಿ. ಬಿಟ್ಟ ಮರುದಿನವೇ ಮೀನು ಸತ್ತವು ಎಂಬ ದೂರು ಬಹಳ, ಕಾರಣ ಹೆಚ್ಚಾಗಿ ಬ್ಲೀಚಿಂಗ್. ನಳದ ನೀರು ತುಂಬಿ ಒಂದು ದಿನ ತೆರೆದಿಟ್ಟು ಆಮೇಲೆ ಮೀನು ಬಿಡಿ. ಮುಂದೆ ನೀರು ತುಂಬುವಾಗಲೂ ಹೌದವನ್ನು ಪೂರ್ತಿ ಬರಿದು ಮಾಡದೆ ಅರ್ಧ ಹಳೆ ನೀರು ಉಳಿಸಿ. ಕುಡಿಯುವ ನೀರಿನ ಪಾತ್ರೆಗೆ ಮೀನು ಬೇಡ, ಕೆರೆ–ಹಳ್ಳಕ್ಕೂ ಒಯ್ದು ಸುರಿಯುವುದು ಬೇಡ.

ಆಶಾ ಕಾರ್ಯಕರ್ತೆಯರು, ಆರೋಗ್ಯ ಸಿಬ್ಬಂದಿ ನೀರಿಗೆ ಲಾರ್ವಾ ಕೊಲ್ಲುವ ಟೆಮಿಫಾಸ್ ಎಂಬ ಔಷಧ ಹಾಕುತ್ತಾರೆ. ಅದರ ಪ್ರಮಾಣ ಲೀಟರ್ ನೀರಿಗೆ 1 ಮಿಲಿಗ್ರಾಂ, ಅಳತೆ ಅವರಿಗೇ ಬಿಡಿ. ತೊಗರಿಗೆ ಹೊಡೆಯಲು ತಂದ ಔಷಧ ಮನೆಯಲ್ಲಿದೆ, ಒಂದು ಹನಿ ಹಾಕಿದರೆ ಹುಳ ಸಾಯುತ್ತದಲ್ಲ ಎಂದು ಯಾರಾದರೂ ಹೇಳಿದರೆ ತಡೆಯಿರಿ. ಅದು ಬೇರೆ ವಿಷ, ಮನುಷ್ಯರೂ ದನಗಳೂ ಸಾಯಬಹುದು.

ಕೂಲರ್

ಈ ಭಾಗದ ಮನೆಗಳಲ್ಲಿ ಹೆಚ್ಚು ಗಮನ ಬೇಕಾದದ್ದು, ಕಡಿಮೆ ಗಮನ ಸಿಗುವುದು ಇದಕ್ಕೇ. ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ಪ್ಲಗ್ ಕಿತ್ತು, ಕೆಳಗಿನ ಬಿರಡೆ ತೆಗೆದು ನೀರು ಬಿಡಿ. ನೀರು ನಿಂತ ಮೇಲೂ ಪಂಪಿನ ಕೆಳಗೆ, ಮೂಲೆಗಳಲ್ಲಿ ಅರ್ಧ ಇಂಚು ಉಳಿಯುತ್ತದೆ. ಒಂದು ಬದಿಗೆ ವಾಲಿಸಿ, ಉಳಿದದ್ದನ್ನು ಬಟ್ಟೆಯಲ್ಲಿ ಹಿಂಡಿ ತೆಗೆಯಿರಿ. ತಗಡಿನ ಒಳಗೋಡೆಗೆ ಕಟ್ಟಿದ ಬಿಳಿ ಉಪ್ಪಿನ ಪದರ ಇರುತ್ತದಲ್ಲ, ನಮ್ಮ ಗಡಸು ನೀರಿಗೆ ಅದು ಬೇಗ ಕಟ್ಟುತ್ತದೆ, ಮೊಟ್ಟೆ ಅಂಟಲು ಅದೇ ಒಳ್ಳೆ ಜಾಗ. ಕೆರೆದು ಉಜ್ಜಿ ಒರೆಸಿ, ಆಮೇಲೆ ಹೊಸ ನೀರು. ದಿನಾ ನೀರು ಮೇಲಿಂದ ಸುರಿಯುತ್ತೇವೆ, ನಿಂತ ನೀರಲ್ಲ ಎಂಬ ಸಮಾಧಾನ ನಂಬಬೇಡಿ. ತಳದ ಲಾರ್ವಾ ಅದರಿಂದ ಎಲ್ಲಿಗೂ ಹೋಗುವುದಿಲ್ಲ.

ದೊಡ್ಡ ತಪ್ಪು ಆಗುವುದು ಜೂನ್‌ನಲ್ಲಿ. ಮಿರಗ ಹೂಡಿದೊಡನೆ ತಂಪಾಯಿತೆಂದು ಕೂಲರ್ ಬಂದ್ ಮಾಡಿ, ಕಿಟಕಿಯ ಹೊರಗೆ ಹಾಗೇ ಬಿಡುತ್ತಾರೆ ಅಥವಾ ಮಾಳಿಗೆಗೆ ಎತ್ತಿಡುತ್ತಾರೆ. ಅದರೊಳಗೆ ಮಳೆ ನೀರು ತುಂಬುತ್ತದೆ, ತಿಂಗಳುಗಟ್ಟಲೆ ಯಾರೂ ಇಣುಕುವುದಿಲ್ಲ. ಬಂದ್ ಮಾಡುವ ದಿನವೇ ಹುಲ್ಲಿನ ಪ್ಯಾಡ್ ಕಿತ್ತು ಸುಟ್ಟುಬಿಡಿ, ಮೊಟ್ಟೆ ಅದರಲ್ಲೂ ಇರುತ್ತವೆ. ತಳ ಉಜ್ಜಿ, ಒಣಗಿಸಿ, ಬಿರಡೆ ತೆಗೆದೇ ಇಟ್ಟು, ಮೇಲೆ ತಾಡಪತ್ರಿ ಹೊದಿಸಿ. ತಾಡಪತ್ರಿಯ ಮಡಿಕೆಯಲ್ಲೂ ನೀರು ನಿಲ್ಲುತ್ತದೆ, ಇಳಿಜಾರಾಗಿ ಎಳೆದು ಕಟ್ಟಿ.

ಅಂಗಳ, ಮಾಳಿಗೆ, ಕಟ್ಟಡ

ಗಾಳಿಗೆ ತಗಡು ಹಾರದಿರಲೆಂದು ಮೇಲಿಟ್ಟ ಟೈರಿನ ತಳಕ್ಕೆ ಮೂರು ನಾಲ್ಕು ಕಡೆ ತೂತು ಕೊರೆಯಿರಿ, ಇಲ್ಲವೆ ಮಣ್ಣು ತುಂಬಿ. ಅಂಗಳಕ್ಕೆ ಬಿದ್ದ ಹಳೆ ಒರಳು ಕಲ್ಲನ್ನು ಬೋರಲು ಹಾಕಿ, ಎತ್ತಲಾಗದಿದ್ದರೆ ಗುಳಿಗೆ ಮರಳು ತುಂಬಿ. ಹಕ್ಕಿಗಿಟ್ಟ ನೀರಿನ ಬಟ್ಟಲು, ಫ್ರಿಜ್ಜಿನ ಹಿಂದಿನ ತಟ್ಟೆ, ಮನಿ ಪ್ಲಾಂಟ್ ಬಾಟಲಿ ವಾರಕ್ಕೊಮ್ಮೆ ಉಜ್ಜಿದರಾಯಿತು. ಬೇಸಿಗೆ ರಜೆಯಲ್ಲಿ ಮುಚ್ಚಿದ ಶಾಲೆಯ ಪಾಯಖಾನೆ, ಕೈ ತೊಳೆಯುವ ತೊಟ್ಟಿಗಳನ್ನು ಮಕ್ಕಳು ಬರುವ ಒಂದು ವಾರ ಮೊದಲೇ ತೆಗೆದು ತೊಳೆಸಬೇಕು. ಮಕ್ಕಳು ಶಾಲೆಯಲ್ಲಿರುವ ಹೊತ್ತೂ ಸೊಳ್ಳೆ ಕಚ್ಚುವ ಹೊತ್ತೂ ಒಂದೇ.

ಮನೆ ಕಟ್ಟಿಸುವವರಿಗೆ ಒಂದು ಮಾತು. ಸ್ಲ್ಯಾಬ್ ಮೇಲೆ ಮಣ್ಣಿನ ಒಡ್ಡು ಕಟ್ಟಿ ನೀರು ನಿಲ್ಲಿಸುವುದು ಏಳರಿಂದ ಹದಿನಾಲ್ಕು ದಿನ. ಸೊಳ್ಳೆಗೆ ಬೇಕಾದ ದಿನವೂ ಅಷ್ಟೇ. ಐದನೆಯ ದಿನ ಸಂಜೆ ಬಿಸಿಲು ಇಳಿದ ಮೇಲೆ ಒಡ್ಡು ಒಡೆದು ನೀರು ಹರಿಬಿಟ್ಟು, ಪೊರಕೆಯಿಂದ ಗುಡಿಸಿ, ಕೂಡಲೇ ಮತ್ತೆ ಕಟ್ಟಿದರೆ ಕಾಂಕ್ರೀಟಿಗೂ ತೊಂದರೆ ಇಲ್ಲ. ಗೋಡೆ, ಕಂಬಕ್ಕೆ ಒದ್ದೆ ಗೋಣಿತಟ್ಟು ಸುತ್ತುವುದೇ ಮೇಲು. ನೀರು ಹಿಡಿದಿಟ್ಟ ತೊಟ್ಟಿ, ಲಿಫ್ಟ್ ಗುಂಡಿಗೆ ಹಳೆ ಎಂಜಿನ್ ಆಯಿಲ್ ಸುರಿಯುವ ರೂಢಿ ಇದೆ. ಮತ್ತೆ ಬಳಸದ ಕೊಳೆ ನೀರಿಗಾದರೆ ಸರಿ, ಚದರ ಮೀಟರಿಗೆ ಸುಮಾರು 20 ಮಿಲಿಲೀಟರ್ ತೆಳ್ಳಗೆ ಹರಡಿದರೆ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಮೇಲೆ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವೂ ಇದೆ: ನಗರದ ಮನೆಗೆ 400 ರೂಪಾಯಿ, ಹಳ್ಳಿಯಲ್ಲಿ 200, ನಗರದಲ್ಲಿ ಕಟ್ಟಡ ನಡೆಯುವ ಜಾಗಕ್ಕೆ 2,000.

ಇನ್ನು ಜನ ಸುಮ್ಮನೆ ಹೆದರುವ ಜಾಗಗಳು. ಶಹಾಬಾದ್, ಚಿತ್ತಾಪುರ ಕಡೆಯ ಫರ್ಸಿ ಗಣಿಯ ದೊಡ್ಡ ಹೊಂಡ, ಸುರಪುರ–ಶಹಾಪುರದ ಕಾಲುವೆ ಗದ್ದೆ, ಓಣಿಯ ಗಟಾರ. ಅಲ್ಲೂ ಸೊಳ್ಳೆ ಇದೆ, ಆದರೆ ಅದು ಹೆಚ್ಚಾಗಿ ಮಲೇರಿಯಾದ, ಆನೆಕಾಲಿನ ಜಾತಿ. ಡೆಂಗ್ಯೂ ಸೊಳ್ಳೆಗೆ ಬೇಕಾದದ್ದು ಪಾತ್ರೆಯ ಸ್ವಚ್ಛ ನೀರು. ಗಣಿಯಲ್ಲಿ ಹುಡುಕಬೇಕಾದದ್ದು ಹೊಂಡದಲ್ಲಲ್ಲ, ಕೂಲಿಯವರ ಶೆಡ್ಡಿನ ಪಕ್ಕದ ಬ್ಯಾರಲ್‌ನಲ್ಲಿ. ಗಟಾರಕ್ಕೆ ಪುಡಿ ಹಾಕಿಸಿ ಡೆಂಗ್ಯೂ ತಡೆದೆವು ಎಂದುಕೊಂಡರೆ ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟಂತೆ.

ಹುಳ ನೋಡುವುದು, ಓಣಿ ಎಣಿಸುವುದು

ಬ್ಯಾಟರಿ, ಬಿಳಿ ಬಟ್ಟಲು, ಚಹಾ ಸೋಸುವ ಜರಡಿ ಇದ್ದರೆ ಸಾಕು. ಬ್ಯಾರಲ್ ಹತ್ತಿರ ಹೋಗುವಾಗ ನಿಮ್ಮ ನೆರಳು ನೀರಿಗೆ ಬೀಳದಿರಲಿ. ನೆರಳು ಬಿದ್ದರೆ, ಪಾತ್ರೆ ಅಲುಗಿದರೆ ಲಾರ್ವಾ ಸರ್ರನೆ ತಳಕ್ಕೆ ಇಳಿಯುತ್ತವೆ, ಹುಳ ಇಲ್ಲ ಎಂದು ಬರೆದುಕೊಂಡು ಹೋಗುವವರೇ ಹೆಚ್ಚು. ಎರಡು ಮೂರು ನಿಮಿಷ ಸುಮ್ಮನೆ ನಿಂತರೆ ಉಸಿರಿಗೆ ಮೇಲೆ ಬರುತ್ತವೆ. ತಲೆ ಕೆಳಗೆ ಮಾಡಿ ನೀರಿನ ಮೇಲ್ಮೈಯಿಂದ ಓರೆಯಾಗಿ ನೇತುಬಿದ್ದಂತೆ ಕಾಣುವವು ಲಾರ್ವಾ. ಅಲ್ಪವಿರಾಮದ ಗುರುತಿನಂತೆ ಬಾಗಿ, ತಲೆ ದಪ್ಪಗಿರುವವು ಪ್ಯೂಪಾ. ಪ್ಯೂಪಾ ಕಂಡರೆ ನಾಳೆಗೆ ಬಿಡಬೇಡಿ, ನಾಳೆ ಅವು ಸೊಳ್ಳೆ.

ಓಣಿಯಲ್ಲಿ 100 ಮನೆ ನೋಡಿ 12ರಲ್ಲಿ ಹುಳ ಸಿಕ್ಕರೆ ಹೌಸ್ ಇಂಡೆಕ್ಸ್ 12. ಆ ಮನೆಗಳಲ್ಲಿ ಒಟ್ಟು 18 ಪಾತ್ರೆಯಲ್ಲಿ ಹುಳ ಇದ್ದರೆ 100 ಮನೆಗೆ 18, ಇದು ಬ್ರೆಟೊ ಇಂಡೆಕ್ಸ್. ಹೌಸ್ ಇಂಡೆಕ್ಸ್ 10 ದಾಟಿದರೆ ಕೆಲಸ ತುರ್ತು. ಆದರೆ ಸಂಖ್ಯೆಗಿಂತ ಉಪಯೋಗದ್ದು ಯಾವ ಪಾತ್ರೆ ಎಂಬ ಪಟ್ಟಿ. 18ರಲ್ಲಿ 13 ಸಿಮೆಂಟಿನ ಹೌದ ಎಂದಾದರೆ ಟೈರಿಗಾಗಿ ಅಲೆಯುವುದು ಬಿಟ್ಟು ಹೌದಗಳನ್ನೇ ಹಿಡಿಯಬೇಕು. ಬೀಗ ಹಾಕಿದ ಮನೆಗಳನ್ನು ಬೇರೆ ಬರೆದಿಡಿ. ಮನೆಯವರು ದುಡಿಯಲು ಊರು ಬಿಟ್ಟಿರುತ್ತಾರೆ, ಹೌದ ಮಾತ್ರ ತುಂಬಿಯೇ ಇರುತ್ತದೆ.

ಫಾಗಿಂಗ್ ಬಗ್ಗೆ ಭರವಸೆ ಕಡಿಮೆ ಇರಲಿ. ಆ ಹೊತ್ತಿಗೆ ಹಾರಾಡುವ ಸೊಳ್ಳೆ ಮಾತ್ರ ಸಾಯುತ್ತವೆ. ಹೊಗೆ ಕಂಡೊಡನೆ ಬಾಗಿಲು ಹಾಕಿಕೊಂಡರೆ ಮಂಚದ ಕೆಳಗಿನ ಸೊಳ್ಳೆಗೆ ಅದು ತಲುಪುವುದೇ ಇಲ್ಲ, ಮೊಟ್ಟೆ–ಲಾರ್ವಾಗೆ ಏನೂ ಆಗುವುದಿಲ್ಲ.

ಜ್ವರ ಬಂದ ಮನೆಯಲ್ಲಿ

ಜ್ವರಕ್ಕೆ ಒಂದೆರಡು ದಿನ ಮೊದಲಿನಿಂದ ಜ್ವರ ಬಂದು ಐದು ದಿನದವರೆಗೆ ರೋಗಿಯ ರಕ್ತದಿಂದ ಸೊಳ್ಳೆಗೆ ವೈರಸ್ ಸಿಗುತ್ತದೆ. ಆದ್ದರಿಂದ ಅಷ್ಟು ದಿನ ಹಗಲಲ್ಲೂ ಸೊಳ್ಳೆ ಪರದೆಯೊಳಗೇ ಮಲಗಿಸಿ. ಸುತ್ತಲಿನ ಮನೆಗಳ ನೀರನ್ನು ಅಂದೇ ನೋಡಿ. ಡೆಂಗ್ಯೂ ಹೌದೋ ಅಲ್ಲವೋ ತಿಳಿಯಲು ಮೊದಲ ಐದು ದಿನದಲ್ಲಿ ಎನ್ಎಸ್1, ಆಮೇಲಾದರೆ ಐಜಿಎಂ ಎಂಬ ರಕ್ತ ಪರೀಕ್ಷೆ. ನೋವಿಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ, ಹಳ್ಳಿಗಳಲ್ಲಿ ಕೇಳಿ ಹಾಕಿಸಿಕೊಳ್ಳುವ ಮೈಕೈ ನೋವಿನ ಸೂಜಿಯಲ್ಲಿ ಇರುವುದು ಎಷ್ಟೋ ಸಲ ಇದೇ. ಜ್ವರ ಇಳಿಯಿತು ಎಂದು ಹಗುರಾಗುವ ಮೂರರಿಂದ ಏಳನೆಯ ದಿನವೇ ಎಚ್ಚರದ್ದು. ಹೊಟ್ಟೆ ನೋವು ಬಿಡದಿದ್ದರೆ, ವಾಂತಿ ನಿಲ್ಲದಿದ್ದರೆ, ವಸಡು–ಮೂಗಿನಿಂದ ರಕ್ತ ಬಂದರೆ, ಮೂತ್ರ ಕಡಿಮೆಯಾದರೆ, ಮಂಪರು ಬಂದರೆ ಪಪ್ಪಾಯಿ ಎಲೆಯ ರಸ ಹಿಂಡುತ್ತ ಕೂರದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ವರ್ಷದಲ್ಲಿ ಮೂರು ಸಲ

ವಾರದ ಕೆಲಸದ ಜೊತೆಗೆ ವರ್ಷಕ್ಕೆ ಮೂರು ದೊಡ್ಡ ತೊಳೆತ ಇಟ್ಟುಕೊಳ್ಳಿ. ಒಂದು ಮಿರಗಕ್ಕೆ ಮುಂಚೆ, ಮಾಳಿಗೆ–ಅಂಗಳದ್ದು. ಇನ್ನೊಂದು ದಸರೆಗೆ. ಹಾಸಿಗೆ, ಪಾತ್ರೆ ಎಲ್ಲ ಹೊರಗೆ ಹಾಕಿ ತೊಳೆಯುವ ರೂಢಿ ಹೇಗೂ ಇದೆ, ಹೌದದ ಗೋಡೆಯನ್ನೂ ಅದಕ್ಕೆ ಸೇರಿಸಿದರಾಯಿತು. ಮೂರನೆಯದು ಜನವರಿಯಲ್ಲಿ, ಸೊಳ್ಳೆಯೇ ಇಲ್ಲ ಎನ್ನಿಸುವ ಚಳಿಯಲ್ಲಿ. ಆಗ ಬದುಕಿರುವುದು ಹೆಚ್ಚಾಗಿ ಮೊಟ್ಟೆ, ಅವು ಇರುವುದು ಒಣಗಿದ ಬ್ಯಾರಲಿನ ಗೆರೆಯಲ್ಲಿ, ಎತ್ತಿಟ್ಟ ಕೂಲರಿನ ತಗಡಿನಲ್ಲಿ. ಮಾರ್ಚಿಯಲ್ಲಿ ಕೂಲರ್ ಇಳಿಸಿ ನೀರು ಹಾಕುವ ಮುಂಚೆ ಆ ತಗಡನ್ನು ಇನ್ನೊಮ್ಮೆ ಉಜ್ಜಿ, ಹೊಸ ಪ್ಯಾಡ್ ಹಾಕಿ.